ನಾಳ ತೊಳೆಯುವ ನಾಲ್ಕು ವಿಧಾನ: ಪ್ರಯೋಗಾಲಯದಲ್ಲಿ ಹೋಲಿಸುವುದು ಹೇಗೆ?

ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಫೈಲ್ ಮಾಡಿದ ಕೆಲಸ ಎಕ್ಸ್‌ರೇಯಲ್ಲಿ ಕಾಣುತ್ತದೆ. ದ್ರಾವಣ ಮಾಡಿದ ಕೆಲಸ ಎಲ್ಲೂ ಕಾಣುವುದಿಲ್ಲ. ಅದಕ್ಕೇ ಕಲಿಯುವವರ ಗಮನವೆಲ್ಲ ಫೈಲಿನ ಮೇಲೆ ಹೋಗುತ್ತದೆ, ತೊಳೆಯುವುದು ನಡುನಡುವೆ ಮಾಡಿ ಮುಗಿಸುವ ಕೆಲಸವಾಗುತ್ತದೆ. ಆದರೆ 2001ರಲ್ಲಿ ಓವೆ ಪೀಟರ್ಸ್ ಮತ್ತು ಸಂಗಡಿಗರು ಮೇಲ್ದವಡೆಯ ಮೋಲಾರ್ ಹಲ್ಲುಗಳನ್ನು ಮೈಕ್ರೋ ಸಿಟಿಯಲ್ಲಿ ಅಳೆದು ನೋಡಿದಾಗ, ಯಾವ ಬಗೆಯ ಫೈಲ್ ಬಳಸಿದರೂ ನಾಳದ ಗೋಡೆಯ ಶೇಕಡ 35 ಅಥವಾ ಅದಕ್ಕೂ ಹೆಚ್ಚು ಭಾಗಕ್ಕೆ ಫೈಲ್ ತಾಗಿಯೇ ಇರಲಿಲ್ಲ. ಆ ಭಾಗದಲ್ಲಿ ಉಳಿದ ಪಲ್ಪ್, ಬ್ಯಾಕ್ಟೀರಿಯಾ, ಡೆಂಟಿನ್ ಪುಡಿ ಇವನ್ನೆಲ್ಲ ತೆಗೆಯಬೇಕಾದದ್ದು ದ್ರಾವಣವೇ.

ದ್ರಾವಣವನ್ನು ಅಲ್ಲಿಗೆ ತಲುಪಿಸಲು ಇಂದು ಹತ್ತಾರು ಸಾಧನಗಳಿವೆ. ಪ್ರತಿಯೊಂದರ ಜೊತೆಗೂ ಅದೇ ಉತ್ತಮ ಎನ್ನುವ ಚಿತ್ರಗಳು ಬರುತ್ತವೆ. ಎಂಡಿಎಸ್ ಮೊದಲ ವರ್ಷದಲ್ಲೇ ಪ್ರಬಂಧಕ್ಕೆ ವಿಷಯ ಹುಡುಕುವ ವಿದ್ಯಾರ್ಥಿಗಳಲ್ಲಿ ಹಲವರು ಈ ಹೋಲಿಕೆಯನ್ನೇ ಆರಿಸಿಕೊಳ್ಳುತ್ತಾರೆ. ವಿಷಯ ಒಳ್ಳೆಯದು, ಆದರೆ ಕೆಡುವುದೂ ಸುಲಭ. ಒಂದು ವಿಧಾನಕ್ಕೆ ಹೆಚ್ಚು ದ್ರಾವಣ, ಹೆಚ್ಚು ಸಮಯ ಸಿಕ್ಕಿಬಿಟ್ಟರೆ ನೀವು ಅಳೆದದ್ದು ವಿಧಾನವನ್ನಲ್ಲ, ದ್ರಾವಣವನ್ನೂ ಸಮಯವನ್ನೂ. ಮುಂದಿನ ಹಂತಗಳೆಲ್ಲ ಈ ಒಂದು ತಪ್ಪನ್ನು ತಡೆಯುವುದಕ್ಕಾಗಿಯೇ ಇವೆ.

ಹಂತ 1: ಹೋಲಿಸುವ ವಿಧಾನಗಳನ್ನು ಮೊದಲು ಅರಿತುಕೊಳ್ಳಿ

ಹೊಸಬರಿಗೆ ನಾಲ್ಕು ವಿಧಾನ ಸಾಕು.

ಮೊದಲನೆಯದು ಸಿರಿಂಜ್ ಮತ್ತು ಸೂಜಿ. 27 ಗೇಜ್ ಸೂಜಿಯ ಹೊರವ್ಯಾಸ ಸುಮಾರು 0.42 ಮಿ.ಮೀ., 30 ಗೇಜಿನದು ಸುಮಾರು 0.31 ಮಿ.ಮೀ. ಸೂಜಿ ದಪ್ಪವಾದಷ್ಟೂ ಬೇರಿನ ತುದಿಯಿಂದ ದೂರವೇ ನಿಲ್ಲುತ್ತದೆ. ಬದಿಯಲ್ಲಿ ರಂಧ್ರವಿರುವ ಸೂಜಿಯಿಂದ ಹೊರಟ ದ್ರಾವಣ ಸೂಜಿಯ ತುದಿಯಿಂದ ಒಂದು, ಒಂದೂವರೆ ಮಿ.ಮೀ. ಆಚೆಗೆ ಹೆಚ್ಚು ಹೋಗುವುದಿಲ್ಲ. ಉಳಿದ ಮೂರೂ ವಿಧಾನಗಳನ್ನು ಅಳೆಯುವುದು ಇದರ ಎದುರಿಗೇ.

ಎರಡನೆಯದು ಕೈಯಿಂದಲೇ ಕಲಕುವುದು. ನಾಳಕ್ಕೆ ಸರಿಯಾಗಿ ಕೂರುವ ಗಟಾಪರ್ಚಾ ಕೋನನ್ನು ದ್ರಾವಣ ತುಂಬಿದ ನಾಳದೊಳಗೆ ಎರಡು ಮಿ.ಮೀ.ನಷ್ಟು ಮೇಲೆ ಕೆಳಗೆ ಆಡಿಸುತ್ತೀರಿ, ನಿಮಿಷಕ್ಕೆ ಸುಮಾರು 100 ಬಾರಿ. ಇದಕ್ಕೆ ಬೇಕಾದ ಕೋನ್ ಕ್ಲಿನಿಕ್ಕಿನಲ್ಲಿ ಆಗಲೇ ಇರುತ್ತದೆ. ಬೇರೆ ಸಾಧನ ಕೊಳ್ಳಬೇಕಿಲ್ಲ. ಆದರೂ ಪ್ರಬಂಧಗಳಲ್ಲಿ ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಬಿಡಬೇಡಿ. ಸಣ್ಣ ಊರಿನ ಕ್ಲಿನಿಕ್ಕಿಗೆ ನಿಮ್ಮ ಫಲಿತಾಂಶದಿಂದ ಉಪಯೋಗವಾಗುವುದಾದರೆ ಈ ಸಾಲಿನಿಂದಲೇ ಆಗುತ್ತದೆ.

ಮೂರನೆಯದು ಅಲ್ಟ್ರಾಸಾನಿಕ್. ಸಣ್ಣ ಫೈಲೊಂದು ಸೆಕೆಂಡಿಗೆ 25 ಸಾವಿರದಿಂದ 30 ಸಾವಿರ ಬಾರಿ ಕಂಪಿಸಿ ಸುತ್ತಲಿನ ದ್ರಾವಣದಲ್ಲಿ ಸುಳಿಗಳನ್ನು ಎಬ್ಬಿಸುತ್ತದೆ. ಗೋಡೆಯನ್ನು ಕೊರೆಯುವುದು ಇದರ ಉದ್ದೇಶವಲ್ಲ.

ನಾಲ್ಕನೆಯದು ಋಣ ಒತ್ತಡದ ವಿಧಾನ. ದ್ರಾವಣವನ್ನು ಮೇಲಿನಿಂದ ಬಿಡುತ್ತಾ, ಬೇರಿನ ತುದಿಯ ಹತ್ತಿರ ಇಟ್ಟ ಸಣ್ಣ ಕೊಳವೆಯಿಂದ ಹೀರಿಕೊಳ್ಳುವುದು. ಎಂಡೋವ್ಯಾಕ್ ಈ ಬಗೆಯದು. ಅದರ ಸಣ್ಣ ಕೊಳವೆಯ ಹೊರವ್ಯಾಸ 0.32 ಮಿ.ಮೀ., ತುದಿಯ ಬಳಿ ಬದಿಗಳಲ್ಲಿ 12 ಸೂಕ್ಷ್ಮ ರಂಧ್ರಗಳಿರುತ್ತವೆ.

ಸಾನಿಕ್, ಲೇಸರ್ ಸಾಧನಗಳನ್ನು ಈಗಲೇ ಸೇರಿಸಿಕೊಳ್ಳಬೇಡಿ. ಗುಂಪು ಹೆಚ್ಚಿದಷ್ಟೂ ಹಲ್ಲುಗಳು ಹೆಚ್ಚು ಬೇಕು.

ಹಂತ 2: ಪಾರದರ್ಶಕ ಬ್ಲಾಕಿನಲ್ಲಿ ಹರಿವನ್ನು ಕಣ್ಣಾರೆ ನೋಡಿ

ಹಲ್ಲಿಗೆ ಕೈ ಹಾಕುವ ಮೊದಲು ಅಭ್ಯಾಸಕ್ಕೆಂದು ಸಿಗುವ ರೆಸಿನ್ ಬ್ಲಾಕ್ ತೆಗೆದುಕೊಳ್ಳಿ. ನಾಳವನ್ನು 25ರವರೆಗೆ ಅಗಲಿಸಿ, ತುದಿಯನ್ನು ಮೇಣದಿಂದ ಮುಚ್ಚಿ, ಬಣ್ಣದ ನೀರು ತುಂಬಿ. ಈಗ 27 ಗೇಜ್ ಸೂಜಿಯಿಂದ ಬರಿ ನೀರು ಹಾಯಿಸಿ. ಮೇಲಿನ ಬಣ್ಣವೆಲ್ಲ ತೊಳೆದು ಹೋಗಿ ತುದಿಯಲ್ಲಿ ಬಣ್ಣ ಹಾಗೇ ನಿಂತಿರುವುದು ಕಾಣುತ್ತದೆ. 30 ಗೇಜ್ ಸೂಜಿಯಲ್ಲಿ ಅದು ಇನ್ನಷ್ಟು ಕೆಳಗೆ ಸರಿಯುತ್ತದೆ. ನಾಳವನ್ನು 35, 40ರವರೆಗೆ ಅಗಲಿಸಿ ಮತ್ತೆ ಹಾಯಿಸಿ. ಸೂಜಿ ಬದಲಿಸದಿದ್ದರೂ ಫಲಿತಾಂಶ ಬದಲಾಗುತ್ತದೆ.

ಚಿಕಿತ್ಸೆಯಲ್ಲಿ ನಾಳ ತೊಳೆಯುವ ಹೈಪೋಕ್ಲೋರೈಟನ್ನು ಇಲ್ಲಿ ಬಳಸಬೇಡಿ. ಅದು ಬಣ್ಣವನ್ನೇ ಬಿಳಿಚಿಸುತ್ತದೆ. ದ್ರಾವಣ ತಲುಪಿ ಬಣ್ಣ ಹೋಯಿತೋ, ಬಿಳಿಚಿ ಹೋಯಿತೋ ತಿಳಿಯುವುದಿಲ್ಲ.

ಇದೇ ಬ್ಲಾಕಿನಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಒಣಗಿದ ನಾಳಕ್ಕೆ ದ್ರಾವಣ ಹಾಕಿದಾಗ ತುದಿಯಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ಕಿರುಬಾಯಿಯ ಸೀಸೆಯನ್ನು ನಲ್ಲಿಯ ಕೆಳಗೆ ಹಿಡಿದಾಗ ಒಳಗಿನ ಗಾಳಿ ನೀರನ್ನು ಇಳಿಯಗೊಡದಂತೆ ಇದೂ. ಬಾಯೊಳಗೆ ಬೇರಿನ ತುದಿಯ ಸುತ್ತ ಮೂಳೆ ಮತ್ತು ಅಂಗಾಂಶ ಇರುವುದರಿಂದ ನಾಳ ಒಂದು ಕಡೆ ಮುಚ್ಚಿದ ಕೊಳವೆಯೇ. ಆದ್ದರಿಂದ ಹತ್ತನೇ ಹಂತವೊಂದನ್ನು ಬಿಟ್ಟು ಮುಂದಿನ ಎಲ್ಲ ಹಂತಗಳಲ್ಲೂ ಬೇರಿನ ತುದಿಯನ್ನು ಮುಚ್ಚಿಯೇ ಪ್ರಯೋಗ ಮಾಡಬೇಕು. ತುದಿ ತೆರೆದಿಟ್ಟರೆ ಎಲ್ಲ ವಿಧಾನಗಳೂ ಒಳ್ಳೆಯದಾಗಿಯೇ ಕಾಣುತ್ತವೆ.

ಹಂತ 3: ಹಲ್ಲುಗಳನ್ನು ಆರಿಸಿ

ಸಂಸ್ಥೆಯ ಎಥಿಕ್ಸ್ ಸಮಿತಿಯ ಒಪ್ಪಿಗೆ ಮೊದಲು. ಹಲ್ಲು ಸಾಲು ಸರಿಪಡಿಸುವ ಚಿಕಿತ್ಸೆಗಾಗಿ ಕಿತ್ತ ಕೆಳದವಡೆಯ ಪ್ರಿಮೋಲಾರ್‌ಗಳು ಈ ಕೆಲಸಕ್ಕೆ ಅನುಕೂಲ. ಹುಳುಕಿಲ್ಲದೆ, ಬಿರುಕಿಲ್ಲದೆ ಸಿಗುತ್ತವೆ. ಆದರೆ ಎಳೆಯರಿಂದ ಬಂದವಾದ್ದರಿಂದ ಬೇರಿನ ತುದಿ ಪೂರ್ತಿ ಬೆಳೆದಿದೆಯೇ ನೋಡಿಕೊಳ್ಳಿ. ಮುಂದಿನಿಂದಲೂ ಬದಿಯಿಂದಲೂ ಎಕ್ಸ್‌ರೇ ತೆಗೆಯಿರಿ. ಒಂದೇ ದಿಕ್ಕಿನ ಎಕ್ಸ್‌ರೇಯಲ್ಲಿ ಒಂದೇ ನಾಳ ಎಂದುಕೊಂಡದ್ದು ಇನ್ನೊಂದು ದಿಕ್ಕಿನಲ್ಲಿ ಎರಡಾಗಿ ಕಾಣುವುದುಂಟು. ಒಂದೇ ಬೇರು, ಒಂದೇ ನಾಳ, ನೇರ ಬೇರು ಇವಿಷ್ಟು ಇರಲಿ.

ಕಿತ್ತ ಹಲ್ಲನ್ನು ಒಣಗಲು ಬಿಡಬೇಡಿ. ಶೇ. 0.1 ಥೈಮಾಲ್ ಅಥವಾ ಶೇ. 0.5 ಕ್ಲೋರಮಿನ್ ದ್ರಾವಣದಲ್ಲಿ ಇಡಿ. 12 ಅಥವಾ 16 ಹಲ್ಲು ಎಂದಿಟ್ಟುಕೊಂಡು ಮೊದಲು ಸಣ್ಣ ಪೂರ್ವಪ್ರಯೋಗ ಮಾಡಿ, ಅದರ ಅಂಕಿಗಳನ್ನು ಸಂಖ್ಯಾಶಾಸ್ತ್ರ ಬಲ್ಲವರಿಗೆ ತೋರಿಸಿ ಅಂತಿಮ ಸಂಖ್ಯೆ ತೀರ್ಮಾನಿಸಿ. ನಾಲ್ಕರಿಂದ ಭಾಗವಾಗುವ ಸಂಖ್ಯೆಯನ್ನೇ ಏಕೆ ಹೇಳಿದೆ ಎನ್ನುವುದು ಆರನೇ ಹಂತದಲ್ಲಿದೆ.

ಹಂತ 4: ಹಲ್ಲನ್ನು ಸೀಳಿ, ಕೊರಕಲು ಮಾಡಿ

ಬಹಳ ಜನ ನಾಳ ತೊಳೆದು, ಹಲ್ಲು ಸೀಳಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಸುತ್ತಾರೆ. ಡೆಂಟಿನ್ ಮೇಲೆ ಮೆತ್ತಿಕೊಳ್ಳುವ ಸ್ಮಿಯರ್ ಲೇಯರ್ ನೋಡಲು ಅದೇ ಬೇಕು. ಆದರೆ ಅದರಲ್ಲಿ ಒಂದು ಕೊರತೆಯಿದೆ: ತೊಳೆಯುವ ಮೊದಲು ಅಲ್ಲಿ ಎಷ್ಟು ಕಸ ಇತ್ತು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಖರ್ಚೂ ಹೆಚ್ಚು.

2004ರಲ್ಲಿ ಲೀ, ವು ಮತ್ತು ವೆಸೆಲಿಂಕ್ ಪ್ರಕಟಿಸಿದ ಉಪಾಯ ಹೊಸಬರಿಗೆ ಹೇಳಿ ಮಾಡಿಸಿದಂತಿದೆ. ಮೊದಲೇ ಹಲ್ಲು ಸೀಳಿ, ನಾಳದ ಗೋಡೆಯಲ್ಲಿ ಅಳತೆಯ ಕೊರಕಲೊಂದನ್ನು ಮಾಡಿ, ಅದರಲ್ಲಿ ಡೆಂಟಿನ್ ಪುಡಿ ತುಂಬಿ, ಹಲ್ಲನ್ನು ಮತ್ತೆ ಜೋಡಿಸಿ ತೊಳೆಯುವುದು. ಫೈಲ್ ಮುಟ್ಟದ ಮೂಲೆಗೆ ಆ ಕೊರಕಲು ಪ್ರತಿನಿಧಿ. ಆರಂಭದಲ್ಲಿ ಎಷ್ಟಿತ್ತು, ಕೊನೆಗೆ ಎಷ್ಟು ಉಳಿಯಿತು ಎರಡೂ ಗೊತ್ತಾಗುತ್ತದೆ.

ಕ್ರಮ ಹೀಗೆ. ಕಿರೀಟ ಕತ್ತರಿಸಿ ಎಲ್ಲ ಬೇರುಗಳನ್ನೂ ಒಂದೇ ಉದ್ದಕ್ಕೆ ತನ್ನಿ. ವರ್ಕಿಂಗ್ ಲೆಂಗ್ತ್ ಬೇರಿನ ತುದಿಗಿಂತ 1 ಮಿ.ಮೀ. ಕಡಿಮೆ ಇರಲಿ. ನಾಳವನ್ನು 40ರ ಅಳತೆ, ಶೇ. 4ರ ಟೇಪರಿಗೆ ತಯಾರಿಸಿ. ನಾಳ ತೀರಾ ಕಿರಿದಾದರೆ ಋಣ ಒತ್ತಡದ ಕೊಳವೆ ತುದಿಗೆ ಇಳಿಯುವುದಿಲ್ಲ, ಇಳಿಯದ ಸಾಧನವನ್ನು ಸೋತಿತು ಎಂದು ಬರೆದರೆ ಅನ್ಯಾಯ. ನಂತರ ಬೇರನ್ನು ಅಕ್ರಿಲಿಕ್‌ನಲ್ಲಿ ಕೂರಿಸಿ ಉದ್ದಕ್ಕೆ ಎರಡು ಹೋಳು ಮಾಡಿ. ಹೊರಗಿನಿಂದ ಡೈಮಂಡ್ ಡಿಸ್ಕಿನಲ್ಲಿ ಗೆರೆ ಹೊಡೆದು, ಡಿಸ್ಕ್ ನಾಳದೊಳಗೆ ನುಗ್ಗದಂತೆ ನಿಲ್ಲಿಸಿ, ಉಳಿದದ್ದನ್ನು ಉಳಿಯಿಂದ ಬಿಡಿಸಿ. ಹೋಳುಗಳನ್ನು ಮತ್ತೆ ಬಿಗಿಯಲು ಅಕ್ರಿಲಿಕ್‌ನಲ್ಲಿ ತಿರುಪು ಹಾಕುವ ಜಾಗ ಮಾಡಿಕೊಂಡಿರಿ. ಜೋಡಣೆಯ ಗೆರೆಯಲ್ಲಿ ಸೋರಿಕೆ ಇದ್ದರೆ ಪ್ರಯೋಗ ಅಲ್ಲಿಗೇ ಮುಗಿಯಿತು. ಬಿಗಿದ ಮೇಲೆ ನೀರು ತುಂಬಿ ಒಂದು ನಿಮಿಷ ನೋಡಿ, ಮಟ್ಟ ಇಳಿಯಬಾರದು.

ಒಂದು ಹೋಳಿನ ಗೋಡೆಯಲ್ಲಿ ಕೊರಕಲು ಮಾಡಿ: ಉದ್ದ 4 ಮಿ.ಮೀ., ಆಳ 0.5 ಮಿ.ಮೀ., ಅಗಲ 0.2 ಮಿ.ಮೀ. ಸ್ಥಳ ವರ್ಕಿಂಗ್ ಲೆಂಗ್ತ್‌ನಿಂದ 2 ಮಿ.ಮೀ. ಮೇಲಿನಿಂದ 6 ಮಿ.ಮೀ.ವರೆಗೆ. ಇದಕ್ಕೆ ತೆಳುವಾದ ಅಲ್ಟ್ರಾಸಾನಿಕ್ ಟಿಪ್ ಬೇಕು, ಕೈ ನಡುಗದ ತಾಳ್ಮೆಯೂ ಬೇಕು. ಪ್ರಯೋಗಕ್ಕೆ ಬೇಡದ ಹಲ್ಲುಗಳ ಮೇಲೆ ಚೆನ್ನಾಗಿ ಅಭ್ಯಾಸ ಮಾಡಿ. ಡೆಂಟಿನ್ ಪುಡಿಯನ್ನು ಶೇ. 2ರ ಹೈಪೋಕ್ಲೋರೈಟಿನಲ್ಲಿ ಐದು ನಿಮಿಷ ಕಲಸಿ ಒದ್ದೆ ಮರಳಿನ ಹದಕ್ಕೆ ತಂದು ಕೊರಕಲಿಗೆ ತುಂಬಿ. ಗಟ್ಟಿಯಾಗಿ ಒತ್ತಿದರೆ ಯಾವ ವಿಧಾನಕ್ಕೂ ಜಗ್ಗುವುದಿಲ್ಲ, ಸಡಿಲ ಬಿಟ್ಟರೆ ಬರಿ ನೀರಿಗೂ ಎದ್ದು ಬರುತ್ತದೆ. ತುಂಬುವ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಮಾಡಬೇಕು.

ಹಂತ 5: ದ್ರಾವಣ ನಿಶ್ಚಯಿಸಿ

ಒಂದೇ ದ್ರಾವಣ, ಒಂದೇ ಸಾಂದ್ರತೆ. ಸೋಡಿಯಂ ಹೈಪೋಕ್ಲೋರೈಟ್ ಶೇ. 3 ಇರಲಿ. ಬಾಟಲಿ ತೆರೆದಿಟ್ಟಷ್ಟೂ, ಬೆಳಕಿಗೆ ಬಿದ್ದಷ್ಟೂ ಇದರ ಶಕ್ತಿ ಇಳಿಯುತ್ತದೆ. ಹಾಗಾಗಿ ಚೀಟಿಯ ಮೇಲಿನ ಅಂಕಿಯನ್ನು ನಂಬಿ ಕೂರಬೇಡಿ. ಜೀವರಸಾಯನ ವಿಭಾಗದಲ್ಲಿ ಅಯೊಡಿನ್-ಥಯೋಸಲ್ಫೇಟ್ ಟೈಟ್ರೇಷನ್ ಮಾಡಿಸಿ ಕ್ಲೋರಿನ್ ಪ್ರಮಾಣ ನೋಡಿಕೊಳ್ಳಿ. ಬಿಸಿಯಾದ ಹೈಪೋಕ್ಲೋರೈಟ್ ಹೆಚ್ಚು ಚುರುಕಾಗುವುದರಿಂದ ಎಲ್ಲವೂ ಕೋಣೆಯ ತಾಪಮಾನದಲ್ಲೇ ನಡೆಯಲಿ.

ಚಿಕಿತ್ಸೆಯಲ್ಲಿ ಬಳಸುವ ಶೇ. 17ರ ಇಡಿಟಿಎ ಈ ಪ್ರಯೋಗಕ್ಕೆ ಬೇಡ. 1957ರಲ್ಲಿ ನೈಗಾರ್ಡ್-ಓಸ್ಟ್‌ಬಿ ಅದನ್ನು ಈ ಕೆಲಸಕ್ಕೆ ತಂದದ್ದು ಡೆಂಟಿನ್‌ನ ಖನಿಜವನ್ನು ಕರಗಿಸುತ್ತದೆ ಎಂಬ ಕಾರಣಕ್ಕೇ. ನಿಮ್ಮ ಪ್ರಶ್ನೆ ಕೊರಕಲಿನ ಪುಡಿ ಎದ್ದು ಬರುತ್ತದೆಯೇ ಎಂಬುದು, ಕರಗುತ್ತದೆಯೇ ಎಂಬುದಲ್ಲ. ಎರಡು ದ್ರಾವಣಗಳನ್ನು ಒಟ್ಟಿಗೆ ಬೆರೆಸುವುದು ಚಿಕಿತ್ಸೆಯಲ್ಲೂ ಸಲ್ಲದು, ಇಡಿಟಿಎ ಸೇರಿದರೆ ಹೈಪೋಕ್ಲೋರೈಟಿನ ಕ್ಲೋರಿನ್ ಕುಗ್ಗುತ್ತದೆ. ಕ್ಲೋರ್‌ಹೆಕ್ಸಿಡಿನ್ ಸೇರಿದರೆ ಕಂದು ಬಣ್ಣದ ಗಷ್ಟು ಉಂಟಾಗುತ್ತದೆ.

ಕನ್ನಡಕ, ಗ್ಲೌಸ್, ಏಪ್ರನ್ ಇಲ್ಲದೆ ಕೆಲಸ ಶುರುಮಾಡಬೇಡಿ. ಸಿರಿಂಜ್ ಲೂಯರ್ ಲಾಕ್ ಇರಲಿ, ಅದರ ಮೇಲೆ ದ್ರಾವಣದ ಹೆಸರು ಬರೆದಿರಲಿ.

ಹಂತ 6: ಎಲ್ಲ ವಿಧಾನಗಳಿಗೂ ಸಮನಾದ ಅವಕಾಶ ಕೊಡಿ

ಇಡೀ ಪ್ರಯೋಗದ ಜೀವ ಇರುವುದು ಇಲ್ಲಿ.

ಅಲ್ಟ್ರಾಸಾನಿಕ್ ಅನ್ನು ಸಾಮಾನ್ಯವಾಗಿ ತಲಾ 20 ಸೆಕೆಂಡಿನಂತೆ ಮೂರು ಬಾರಿ, ಪ್ರತಿ ಬಾರಿಯೂ ಹೊಸ ದ್ರಾವಣ ತುಂಬಿ ನಡೆಸುತ್ತಾರೆ. ಆಗ ನಾಳದಲ್ಲಿ ಹೈಪೋಕ್ಲೋರೈಟ್ ಒಂದು ನಿಮಿಷ ಹೆಚ್ಚಿಗೆ ನಿಲ್ಲುತ್ತದೆ. ಸಿರಿಂಜ್ ಗುಂಪಿಗೆ ಆ ಒಂದು ನಿಮಿಷ ಕೊಡದೆ, ಅಲ್ಟ್ರಾಸಾನಿಕ್ ಗೆದ್ದಿತು ಎಂದು ಬರೆದರೆ ಗೆದ್ದದ್ದು ಕಂಪನವೇ ಎನ್ನಲು ಆಧಾರವಿಲ್ಲ. ಆದ್ದರಿಂದ ಸುತ್ತನ್ನು ಹೀಗೆ ಕಟ್ಟಿ: 2 ಮಿ.ಲೀ. ದ್ರಾವಣ 30 ಸೆಕೆಂಡಿನಲ್ಲಿ, ಆಮೇಲೆ 20 ಸೆಕೆಂಡು. ಆ 20 ಸೆಕೆಂಡಿನಲ್ಲಿ ಅಲ್ಟ್ರಾಸಾನಿಕ್ ಗುಂಪಿನಲ್ಲಿ ಫೈಲ್ ಕಂಪಿಸುತ್ತದೆ, ಕೈ ಗುಂಪಿನಲ್ಲಿ ಕೋನ್ ಆಡುತ್ತದೆ, ಸಿರಿಂಜ್ ಗುಂಪಿನಲ್ಲಿ ದ್ರಾವಣ ಸುಮ್ಮನೆ ನಿಲ್ಲುತ್ತದೆ. ಇಂಥ ಮೂರು ಸುತ್ತು. ಎಲ್ಲರಿಗೂ ಒಟ್ಟು 6 ಮಿ.ಲೀ., 150 ಸೆಕೆಂಡು. ಋಣ ಒತ್ತಡದ ವಿಧಾನದಲ್ಲಿ ಹರಿವು ನಿಲ್ಲದೆ ನಡೆಯುವುದೇ ಅದರ ಗುಣ. ಅಲ್ಲಿ ಪ್ರತಿ ಸುತ್ತಿನ 2 ಮಿ.ಲೀ. ಅನ್ನು 50 ಸೆಕೆಂಡಿಗೆ ಹಂಚಿ, ಕೊಳವೆ ಹೀರಿದ ಪ್ರಮಾಣವನ್ನೂ ಬರೆದಿಡಿ. ಉಳಿದ ಮೂರರೊಂದಿಗೆ ಇದು ಪೂರ್ತಿ ಸರಿಸಮ ಆಗುವುದಿಲ್ಲ, ಆ ವ್ಯತ್ಯಾಸವನ್ನು ಪ್ರಬಂಧದಲ್ಲಿ ತೆರೆದು ಹೇಳಿ.

ಹೆಬ್ಬೆರಳಿನ ಒತ್ತಡ ಪ್ರತಿ ಬಾರಿ ಒಂದೇ ಸಮ ಇರುವುದಿಲ್ಲ. ಸಿರಿಂಜ್ ಪಂಪ್ ಎರವಲು ಸಿಕ್ಕರೆ ತನ್ನಿ. ಇಲ್ಲವಾದರೆ ಗಡಿಯಾರ ನೋಡುತ್ತ ಒಬ್ಬರು ಎಣಿಸಲಿ, ಇನ್ನೊಬ್ಬರು ಒತ್ತಲಿ.

ದಿಕ್ಕನ್ನು ಮರೆಯಬೇಡಿ. ಅಲ್ಟ್ರಾಸಾನಿಕ್ ಫೈಲ್ ಕೊರಕಲಿನ ಕಡೆಗೆ ಕಂಪಿಸಿದಾಗ, ಅಡ್ಡಕ್ಕೆ ಕಂಪಿಸಿದಾಗಿನದಕ್ಕಿಂತ ಹೆಚ್ಚು ಪುಡಿ ಹೊರಬರುತ್ತದೆ ಎಂದು 2010ರ ಅಧ್ಯಯನವೊಂದು ತೋರಿಸಿದೆ. ಫೈಲಿನ ದಿಕ್ಕು, ಸೂಜಿಯ ಬದಿರಂಧ್ರ ಮುಖಮಾಡುವ ದಿಕ್ಕು ಎರಡನ್ನೂ ಮೊದಲೇ ತೀರ್ಮಾನಿಸಿ ಬ್ಲಾಕಿನ ಮೇಲೆ ಗುರುತು ಹಾಕಿ.

ಇನ್ನು ಹಲ್ಲುಗಳ ಹಂಚಿಕೆ. ಕೊರಕಲಿನ ಉಪಾಯದ ದೊಡ್ಡ ಲಾಭವೆಂದರೆ ಹಲ್ಲನ್ನು ಬಿಚ್ಚಿ, ಶುಚಿಮಾಡಿ, ಮತ್ತೆ ಪುಡಿ ತುಂಬಿ ಇನ್ನೊಂದು ವಿಧಾನಕ್ಕೆ ಬಳಸಬಹುದು. ಪ್ರತಿ ಹಲ್ಲೂ ನಾಲ್ಕು ವಿಧಾನಗಳಿಗೂ ಒಳಗಾದರೆ ಹಲ್ಲಿನಿಂದ ಹಲ್ಲಿಗೆ ಇರುವ ವ್ಯತ್ಯಾಸ ಅಡ್ಡಬರುವುದಿಲ್ಲ. ಆದರೆ ಪದೇಪದೇ ಹೈಪೋಕ್ಲೋರೈಟ್ ತಾಗಿ ಕೊರಕಲಿನ ಅಂಚು ಸವೆಯಬಹುದು. ಹಾಗಾಗಿ ಹಲ್ಲುಗಳನ್ನು ನಾಲ್ಕು ಪಂಗಡ ಮಾಡಿ, ಪ್ರತಿ ಪಂಗಡವೂ ಬೇರೆ ಬೇರೆ ವಿಧಾನದಿಂದ ಶುರುವಾಗುವಂತೆ ಸರದಿ ತಿರುಗಿಸಿ. ಯಾವ ಹಲ್ಲು ಯಾವ ಪಂಗಡ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ.

ಹಂತ 7: ತೊಳೆಯಿರಿ

ಸೂಜಿ 30 ಗೇಜ್, ಬದಿರಂಧ್ರದ್ದು, ವರ್ಕಿಂಗ್ ಲೆಂಗ್ತ್‌ಗಿಂತ 1 ಮಿ.ಮೀ. ಮೇಲೆ. ರಬ್ಬರ್ ಸ್ಟಾಪರ್ ಹಾಕಿ. ಸೂಜಿ ನಾಳದಲ್ಲಿ ಎಲ್ಲೂ ಸಿಕ್ಕಿಕೊಳ್ಳಬಾರದು, ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿರಲಿ. ಅಲ್ಟ್ರಾಸಾನಿಕ್‌ಗೆ 15ರ ಅಥವಾ 20ರ ಫೈಲ್, ಅದೂ 1 ಮಿ.ಮೀ. ಮೇಲೆ, ಯಂತ್ರದ ಶಕ್ತಿ ಎಲ್ಲ ಹಲ್ಲಿಗೂ ಒಂದೇ. ಫೈಲ್ ಗೋಡೆಗೆ ಒತ್ತಿದರೆ ಕಂಪನ ಕುಗ್ಗಿ ಧ್ವನಿ ಬದಲಾಗುತ್ತದೆ, ಆ ವ್ಯತ್ಯಾಸವನ್ನು ಕಿವಿ ಬೇಗ ಕಲಿಯುತ್ತದೆ. ಕೋನ್ 40ರದ್ದೇ ಇರಲಿ. ಋಣ ಒತ್ತಡದ ಕೊಳವೆಯನ್ನು ವರ್ಕಿಂಗ್ ಲೆಂಗ್ತ್‌ವರೆಗೂ ಇಳಿಸಬಹುದು. ಹೀರಿಕೆ ನಿಂತರೆ ರಂಧ್ರಗಳಿಗೆ ಪುಡಿ ಕಟ್ಟಿಕೊಂಡಿದೆ ಎಂದರ್ಥ. ಕೊಳವೆ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಆಗಾಗ ಕಟ್ಟಿಕೊಳ್ಳುವುದೂ ಆ ವಿಧಾನದ ಗುಣವೇ.

ಕೊನೆಗೆ ಎಲ್ಲ ಹಲ್ಲಿಗೂ ಒಂದೇ ಪ್ರಮಾಣದ ಶುದ್ಧ ನೀರು ನಿಧಾನಕ್ಕೆ ಹಾಯಿಸಿ, ಪೇಪರ್ ಪಾಯಿಂಟ್‌ನಲ್ಲಿ ಒಣಗಿಸಿ, ತಿರುಪು ಬಿಚ್ಚಿ.

ಹಂತ 8: ಚಿತ್ರ ತೆಗೆದು ಅಂಕ ಕೊಡಿ

ತೊಳೆಯುವ ಮೊದಲೂ ಆಮೇಲೂ ಕೊರಕಲಿನ ಚಿತ್ರವನ್ನು ಸ್ಟೀರಿಯೋ ಸೂಕ್ಷ್ಮದರ್ಶಕದಲ್ಲಿ ಒಂದೇ ವರ್ಧನೆಯಲ್ಲಿ, ಒಂದೇ ಬೆಳಕಿನಲ್ಲಿ ತೆಗೆಯಿರಿ. ಪೂರ್ತಿ ಖಾಲಿ ಇದ್ದರೆ 0, ಅರ್ಧಕ್ಕಿಂತ ಕಡಿಮೆ ಪುಡಿ ಉಳಿದಿದ್ದರೆ 1, ಅರ್ಧಕ್ಕಿಂತ ಹೆಚ್ಚಿದ್ದರೆ 2, ಪೂರ್ತಿ ತುಂಬಿದ್ದರೆ 3. ಚಿತ್ರಗಳಿಗೆ ಗುಪ್ತ ಸಂಖ್ಯೆ ಕೊಟ್ಟು, ವಿಧಾನ ಯಾವುದೆಂದು ತಿಳಿಯದ ಇಬ್ಬರಿಂದ ಬೇರೆ ಬೇರೆಯಾಗಿ ಅಂಕ ಹಾಕಿಸಿ. ತೊಳೆದವರೇ ಅಂಕ ಹಾಕಬಾರದು. ಇಬ್ಬರ ಹೊಂದಾಣಿಕೆಯನ್ನು ಕಾಪ್ಪಾ ಮೌಲ್ಯದಲ್ಲಿ ತೋರಿಸಿ.

ಹಂತ 9: ಲೆಕ್ಕ

0, 1, 2, 3 ಇವು ಅಳತೆಗಳಲ್ಲ, ದರ್ಜೆಗಳು. ಸರಾಸರಿ ತೆಗೆದು ಟಿ-ಪರೀಕ್ಷೆ ಮಾಡುವುದು ಸರಿಯಲ್ಲ. ಒಂದೇ ಹಲ್ಲನ್ನು ನಾಲ್ಕು ಬಾರಿ ಬಳಸಿರುವುದರಿಂದ ಮೊದಲು ಫ್ರೀಡ್‌ಮನ್ ಪರೀಕ್ಷೆ, ವ್ಯತ್ಯಾಸ ಕಂಡರೆ ಜೋಡಿ ಜೋಡಿಯಾಗಿ ವಿಲ್ಕಾಕ್ಸನ್ ಪರೀಕ್ಷೆ. ನಾಲ್ಕು ವಿಧಾನಗಳಿಂದ ಆರು ಜೋಡಿಯಾಗುತ್ತವೆ, ಆದ್ದರಿಂದ 0.05 ಅನ್ನು ಆರರಿಂದ ಭಾಗಿಸಿ ಸುಮಾರು 0.0083 ಅನ್ನು ಗಡಿಯಾಗಿಟ್ಟುಕೊಳ್ಳಿ.

ಹಂತ 10: ದ್ರಾವಣ ಹೊರಚೆಲ್ಲುವುದನ್ನೂ ಪರೀಕ್ಷಿಸಿ

ಚೆನ್ನಾಗಿ ತೊಳೆಯುವುದು ಅರ್ಧ ಪ್ರಶ್ನೆ. ಹೈಪೋಕ್ಲೋರೈಟ್ ಬೇರಿನ ತುದಿ ದಾಟಿ ಅಂಗಾಂಶಕ್ಕೆ ಹೋದರೆ ರೋಗಿಗೆ ತಡೆಯಲಾರದ ನೋವು, ನೋಡನೋಡುತ್ತಲೇ ಊತ, ಮುಖದ ಮೇಲೆ ರಕ್ತಕಟ್ಟಿದ ಕಲೆ. ಹಾಗಾಗಿ ಸೀಳದ ಬೇರೆ ಹಲ್ಲುಗಳ ಗುಂಪೊಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಇಲ್ಲಿ ತುದಿ ಮುಚ್ಚಬಾರದು. ಶೇ. 0.2ರ ಅಗರೋಸ್ ಜೆಲ್‌ಗೆ ಮೆಟಾ-ಕ್ರೆಸಾಲ್ ಪರ್ಪಲ್ ಸೇರಿಸಿ ಬೇರಿನ ತುದಿಯನ್ನು ಅದರಲ್ಲಿ ನೆಡಿ. ತಿಳಿಹಳದಿ ಜೆಲ್ ಹೈಪೋಕ್ಲೋರೈಟ್ ತಾಗಿದಲ್ಲಿ ನೇರಳೆಗೆ ತಿರುಗುತ್ತದೆ. ಆ ನೇರಳೆಯ ವಿಸ್ತಾರವನ್ನು ಚಿತ್ರದಲ್ಲಿ ಅಳೆಯಿರಿ. ಇಂಥ ಪ್ರಯೋಗಗಳಲ್ಲಿ ಋಣ ಒತ್ತಡದ ವಿಧಾನ ಸಾಮಾನ್ಯವಾಗಿ ಅತಿ ಕಡಿಮೆ ಚೆಲ್ಲುತ್ತದೆ. ನಿಮ್ಮಲ್ಲಿ ಹಾಗೆ ಬರದಿದ್ದರೆ ಕೊಳವೆ ಕಟ್ಟಿಕೊಂಡಿತ್ತೇ ಎಂದು ಮೊದಲು ನೋಡಿ.

ಹಂತ 11: ಬರೆಯುವಾಗ

ಸೂಜಿಯ ಗೇಜ್, ಎಷ್ಟು ಆಳ, ನಿಮಿಷಕ್ಕೆ ಎಷ್ಟು ಮಿ.ಲೀ., ನಾಳದ ಅಂತಿಮ ಅಳತೆ, ತುದಿ ಮುಚ್ಚಿತ್ತೋ ಇಲ್ಲವೋ, ಯಂತ್ರದ ಶಕ್ತಿ ಇವೆಲ್ಲ ಒಂದೇ ಪಟ್ಟಿಯಲ್ಲಿರಲಿ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಇನ್ನೊಬ್ಬರು ನಿಮ್ಮ ಪ್ರಯೋಗವನ್ನು ಮತ್ತೆ ಮಾಡಲಾರರು.

ಕೊರಕಲು ಹೆಚ್ಚು ಖಾಲಿಯಾಯಿತು ಎಂದ ಮಾತ್ರಕ್ಕೆ ಆ ವಿಧಾನದಿಂದ ರೋಗ ಹೆಚ್ಚು ವಾಸಿಯಾಗುತ್ತದೆ ಎಂದು ಬರೆಯಬೇಡಿ. 2013ರಲ್ಲಿ ಪ್ರಕಟವಾದ ಒಂದು ಚಿಕಿತ್ಸಾ ಪ್ರಯೋಗದಲ್ಲಿ, ಬೇರಿನ ತುದಿಯಲ್ಲಿ ಸೋಂಕಿದ್ದ ಒಂದೇ ಬೇರಿನ ಹಲ್ಲುಗಳನ್ನು ಸಿರಿಂಜ್ ಮತ್ತು ಅಲ್ಟ್ರಾಸಾನಿಕ್ ಎಂದು ಎರಡು ಗುಂಪಾಗಿ ಹಂಚಿ, 10ರಿಂದ 19 ತಿಂಗಳ ನಂತರ ಸಿಬಿಸಿಟಿ ತೆಗೆದು ನೋಡಿದ್ದರು. ಸೋಂಕು ಕುಗ್ಗಿದ ಅಥವಾ ಮಾಯವಾದ ಹಲ್ಲುಗಳು ಅಲ್ಟ್ರಾಸಾನಿಕ್ ಗುಂಪಿನಲ್ಲಿ ಶೇ. 95.1, ಸಿರಿಂಜ್ ಗುಂಪಿನಲ್ಲಿ ಶೇ. 88.4. ಸಂಖ್ಯಾಶಾಸ್ತ್ರದ ಪ್ರಕಾರ ಆ ವ್ಯತ್ಯಾಸ ಗಣನೀಯವಾಗಿರಲಿಲ್ಲ. ನಿಮ್ಮ ತೀರ್ಮಾನದ ವಾಕ್ಯದಲ್ಲಿ ನೇರ ಬೇರು, 40ರ ನಾಳ, ಮುಚ್ಚಿದ ತುದಿ, ಶೇ. 3ರ ಹೈಪೋಕ್ಲೋರೈಟ್, 6 ಮಿ.ಲೀ., 150 ಸೆಕೆಂಡು ಈ ಷರತ್ತುಗಳು ಇರಲೇಬೇಕು. ಬಾಗಿದ ಬೇರಿನ ಮೋಲಾರ್ ಬಗ್ಗೆ ಏನಾದರೂ ಹೇಳಬೇಕೆಂದರೆ ಅದಕ್ಕೆ ಬಾಗಿದ ಬೇರುಗಳನ್ನು ತಂದು ನಾಲ್ಕನೇ ಹಂತದಿಂದ ಮತ್ತೆ ಶುರುಮಾಡಿ.